ಜೇಡಿಮಣ್ಣಿನ ಹಿಡಿತ: ‘ಬಲ ಮತ್ತು ಒತ್ತಡ’ ಘಟಕಕ್ಕೊಂದು ಚಟುವಟಿಕೆ

ಎಂಟನೆಯ ತರಗತಿಯಲ್ಲಿ ಒತ್ತಡವೆಂದರೆ ಏಕಮಾನ ವಿಸ್ತೀರ್ಣದ ಮೇಲೆ ವರ್ತಿಸುವ ಬಲ ಎಂದು ಕಲಿಸುತ್ತೇವೆ. ಮಕ್ಕಳು ಸೂತ್ರವನ್ನು ಬೇಗ ಒಪ್ಪಿಸುತ್ತಾರೆ. ಆದರೆ ‘ಹೀರುವಿಕೆ’ ತಾನಾಗಿಯೇ ಎಳೆಯುವ ಬಲ ಎಂಬ ತಪ್ಪು ಕಲ್ಪನೆ ಹಾಗೇ ಉಳಿಯುತ್ತದೆ. ಅದನ್ನು ಸರಿಪಡಿಸಲು ಬೋಧನಾಭ್ಯಾಸದಲ್ಲಿ ನಾನು ಸಮುದ್ರತಳದ ಲಂಗರನ್ನು ಉದಾಹರಣೆಯಾಗಿ ಬಳಸಿದೆ.

ವಿಷಯಾಂಶ

ಮೆಕ್ಸಿಕೊ ಕೊಲ್ಲಿಯಲ್ಲಿ ಸಾವಿರ ಮೀಟರಿಗೂ ಹೆಚ್ಚು ಆಳವಿರುವ ಕಡೆ ತೇಲುವ ತೈಲ ವೇದಿಕೆಗಳಿವೆ. ಅವುಗಳಲ್ಲಿ ಹಲವನ್ನು ಹಿಡಿದಿಡುವುದು ಕವುಚಿ ಹಾಕಿದ ಲೋಟದಂತಹ ಉಕ್ಕಿನ ದೊಡ್ಡ ಲಂಗರುಗಳು. ಲಂಗರು ಮೊದಲು ತನ್ನ ತೂಕದಿಂದಲೇ ಮೆತ್ತನೆಯ ಜೇಡಿಮಣ್ಣಿಗೆ ಸ್ವಲ್ಪ ಇಳಿಯುತ್ತದೆ. ಬಳಿಕ ಒಳಗಿನ ನೀರನ್ನು ಪಂಪಿನಿಂದ ಹೊರತೆಗೆದರೆ ಒಳಗಿನ ಒತ್ತಡ ಇಳಿಯುತ್ತದೆ. ಹೊರಗಿನ ನೀರು ಅದನ್ನು ಕೆಳಕ್ಕೆ ಒತ್ತುತ್ತದೆ. ವ್ಯಾಸ 5 ಮೀಟರ್ ಎಂದುಕೊಂಡರೆ ವಿಸ್ತೀರ್ಣ ಸುಮಾರು 19.6 ಚದರ ಮೀಟರ್. ಒತ್ತಡದ ವ್ಯತ್ಯಾಸ 1 ಲಕ್ಷ ಪಾಸ್ಕಲ್ ಆದರೆ ಬಲ 19.6 ಲಕ್ಷ ನ್ಯೂಟನ್, ಅಂದರೆ ಸುಮಾರು 200 ಟನ್ ತೂಕ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದೆ.

ಲಂಗರನ್ನು ಥಟ್ಟನೆ ಮೇಲಕ್ಕೆಳೆದರೆ ಏನಾಗುತ್ತದೆ? ಜೇಡಿಮಣ್ಣಿನ ರಂಧ್ರಗಳು ಅತಿ ಸೂಕ್ಷ್ಮ. ತಳಕ್ಕೆ ನೀರು ಕೂಡಲೇ ಬಂದು ಸೇರಲಾರದು. ಕೆಳಗಿನ ಒತ್ತಡ ಕುಸಿಯುತ್ತದೆ, ಒಳಗಿನ ಮಣ್ಣು ಲಂಗರಿಗೇ ಅಂಟಿಕೊಂಡಿರುತ್ತದೆ, ಹಿಡಿತ ಬಿಗಿಯಾಗುತ್ತದೆ. ಅದೇ ಎಳೆತ ದಿನಗಟ್ಟಲೆ ಮುಂದುವರಿದರೆ ನೀರು ನಿಧಾನವಾಗಿ ಜಿನುಗಿ ಬಂದು ಒತ್ತಡದ ವ್ಯತ್ಯಾಸವನ್ನು ಕರಗಿಸುತ್ತದೆ. ಆಗ ಆಧಾರವಾಗಿ ಉಳಿಯುವುದು ಮುಖ್ಯವಾಗಿ ಗೋಡೆಗಳ ಘರ್ಷಣೆ ಮತ್ತು ಲಂಗರಿನ ತೂಕ.

ಚಟುವಟಿಕೆ

ಸಾಮಗ್ರಿ: ಬಕೆಟ್, ಕಲಸಿದ ಜೇಡಿಮಣ್ಣು, ತಳಕ್ಕೆ ಸಣ್ಣ ತೂತು ಕೊರೆದ ತಗಡಿನ ಡಬ್ಬ, ಮೇಣ, ಸ್ಪ್ರಿಂಗ್ ತ್ರಾಸು, ರಾಟೆ, ದಾರ, ಮರಳಿನ ಚೀಲ.

1. ಮಣ್ಣಿನ ಮೇಲೆ ನೀರು ನಿಲ್ಲಿಸಿ, ಡಬ್ಬವನ್ನು ಕವುಚಿ, ತೂತು ನೀರಿನೊಳಗೇ ಇರುವಂತೆ ಒತ್ತಿ. ಗಾಳಿ, ನೀರು ತೂತಿನಿಂದ ಹೊರಹೋಗಲಿ.
2. ತೂತು ತೆರೆದಿರುವಾಗ ಒಮ್ಮೆ, ಮೇಣದಿಂದ ಮುಚ್ಚಿ ಇನ್ನೊಮ್ಮೆ ಥಟ್ಟನೆ ಎಳೆದು ತ್ರಾಸಿನ ಅಳತೆ ಬರೆದುಕೊಳ್ಳಿ.
3. ಮುಚ್ಚಿದ ಡಬ್ಬಕ್ಕೆ, ಎರಡನೆಯ ಅಳತೆಗಿಂತ ಕಡಿಮೆ ತೂಕವನ್ನು ರಾಟೆಯ ಮೂಲಕ ತೂಗುಬಿಟ್ಟು ಅವಧಿ ಮುಗಿಯುವವರೆಗೆ ಗಮನಿಸಿ.

ಪ್ರತಿ ಹಂತಕ್ಕೂ ಮುನ್ನ ಮಕ್ಕಳು ತಮ್ಮ ಊಹೆಯನ್ನು ಬರೆದರು. ತೂತು ಮುಚ್ಚಿದಾಗ ಎಲ್ಲ ಗುಂಪುಗಳಲ್ಲೂ ಅಳತೆ ಹೆಚ್ಚಿತು. ಮೂರನೆಯ ಹಂತದಲ್ಲಿ ಕೆಲವು ಡಬ್ಬಗಳು ಮೆಲ್ಲನೆ ಮೇಲೆದ್ದವು. ಮಣ್ಣನ್ನು ಗಟ್ಟಿಯಾಗಿ ಕಲಸಿದ್ದ ಎರಡು ಗುಂಪುಗಳಲ್ಲಿ ಕದಲಲೇ ಇಲ್ಲ. “ನೀರು ಒಳಗೆ ಬರೋಕೆ ಟೈಮ್ ಸಾಕಾಗಿಲ್ಲ ಮೇಡಂ” ಎಂದು ಒಬ್ಬ ಹುಡುಗಿ ವಿವರಿಸಿದಳು. ನಾನು ಬಯಸಿದ್ದ ಕಲಿಕೆ ಇದೇ.

ಗಮನಿಸಬೇಕಾದ ಅಂಶ

ನಿಜವಾದ ಲಂಗರಿಗೆ ಸರಪಳಿಯನ್ನು ಪಕ್ಕದ ಗೋಡೆಗೆ, ಹೂತ ಭಾಗದ ಸುಮಾರು ಮೂರನೇ ಎರಡರಷ್ಟು ಆಳದಲ್ಲಿ ಜೋಡಿಸಿರುತ್ತಾರೆ, ಎಳೆತ ಓರೆಯಾಗಿರುತ್ತದೆ. ನಮ್ಮದು ನೇರ ಎಳೆತ. ಈ ವ್ಯತ್ಯಾಸವನ್ನು ತರಗತಿಯಲ್ಲಿ ತಪ್ಪದೆ ಹೇಳಬೇಕು.

ಮೌಲ್ಯಮಾಪನ

ಮೆಕ್ಸಿಕೊ ಕೊಲ್ಲಿಯ ಚಂಡಮಾರುತ ಕೆಲವೇ ಗಂಟೆ ಜೋರಾಗಿ ಎಳೆಯುತ್ತದೆ. ಅಲ್ಲಿನ ‘ಲೂಪ್ ಕರೆಂಟ್’ ಎಂಬ ಸಾಗರ ಪ್ರವಾಹ ದಿನಗಟ್ಟಲೆ, ವಾರಗಟ್ಟಲೆ ಎಳೆಯಬಲ್ಲದು. ಲಂಗರು ವಿನ್ಯಾಸಗೊಳಿಸುವವರು ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದೇಕೆ? ಸೂತ್ರವನ್ನಷ್ಟೇ ಕಲಿತವರಿಗೆ ಈ ಪ್ರಶ್ನೆ ಕಷ್ಟ, ಏಕೆಂದರೆ ಸೂತ್ರದಲ್ಲಿ ಕಾಲವಿಲ್ಲ. ಡಬ್ಬವನ್ನು ಎಳೆದು, ಕಾದು ನೋಡಿದ ಮಕ್ಕಳಲ್ಲಿ ಹೆಚ್ಚಿನವರು ತಮ್ಮದೇ ಮಾತಿನಲ್ಲಿ ಉತ್ತರ ಬರೆದರು.