ಗಂಡು ಕುದುರೆ ಮರಿಗೆ ಏನೆನ್ನೋಣ?

ಪ್ರಶ್ನೆ: ಮಗಳ ಇಂಗ್ಲಿಷ್ ಪಾಠದಲ್ಲಿ ‘ಕೋಲ್ಟ್’ ಎಂಬ ಪದ ಬಂತು. ನಿಘಂಟು ‘ಗಂಡು ಕುದುರೆ ಮರಿ’ ಎನ್ನುತ್ತದೆ. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಇಲ್ಲವೇ? ನಮ್ಮ ಮನೆಯಲ್ಲಂತೂ ಕೋಲ್ಟ್ ಅಂದರೆ ರಿವಾಲ್ವರ್!
— ಓದುಗರೊಬ್ಬರು, ಭಾಗಮಂಡಲ

ಉತ್ತರ: ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಮುಡಿಸುವ ಕೊಡಗಿನವರು ನೀವು, ಮೊದಲು ಆಯುಧವೇ ನೆನಪಾಗುವುದು ಸಹಜ. ಆದರೆ ಆ ರಿವಾಲ್ವರಿನ ಹೆಸರಿಗೂ ಕುದುರೆಗೂ ನೇರ ನಂಟಿಲ್ಲ. 1836ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಪಡೆದ ಸ್ಯಾಮ್ಯುಯೆಲ್ ಕೋಲ್ಟ್‌ನ ಮನೆತನದ ಹೆಸರು ಅದು.

ಒಂದೇ ಪದ ಬೇಕೆಂದರೆ ಸಂಸ್ಕೃತದಿಂದ ಬಂದ ‘ಕಿಶೋರ’ ಇದೆ. ಅಮರಕೋಶದಲ್ಲಿ ಅದಕ್ಕೆ ಕುದುರೆ ಮರಿ ಎಂದೇ ಅರ್ಥ. ಹುಡುಗ ಎಂಬ ಅರ್ಥವೇ ಈಗ ಬಳಕೆಯಲ್ಲಿ ಉಳಿದಿದೆ. (ಕಿಶೋರ್ ಎಂಬ ಗೆಳೆಯರಿದ್ದರೆ ಹೇಳಿ ನೋಡಿ.) ಇವತ್ತು ‘ಕಿಶೋರ ಓಡಿತು’ ಎಂದು ಬರೆದರೆ ಯಾರಿಗೂ ತಿಳಿಯದು.

ಅಚ್ಚಗನ್ನಡದಲ್ಲಿ ಯಾಕಿಲ್ಲ? ದನಕ್ಕಾದರೆ ಕರು, ಹೋರಿ, ಕಡಸು, ಮಣಕ, ಎತ್ತು ಎಂದು ವಯಸ್ಸಿಗೊಂದು, ಲಿಂಗಕ್ಕೊಂದು ಹೆಸರಿದೆ. ಅವು ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದವು. ಕುದುರೆಯ ಕಥೆ ಬೇರೆ. ವಿಜಯನಗರದ ಸೈನ್ಯಕ್ಕೆ ಒಳ್ಳೆಯ ಕುದುರೆ ಬರುತ್ತಿದ್ದದ್ದು ಹೊರ್ಮುಜ್, ಅರೇಬಿಯಾಗಳಿಂದ, ಹಡಗಿನಲ್ಲಿ. ಭಟ್ಕಳ, ಗೋವೆಗಳಲ್ಲಿ ಇಳಿಯುತ್ತಿದ್ದವು. ಬೆಳೆದ ಕುದುರೆಯನ್ನು ಅರಸ ಕೊಂಡ, ರೈತನ ಹಟ್ಟಿಯಲ್ಲಿ ಅದು ಈಯಲಿಲ್ಲ. ಹಾಗಾಗಿ ‘ಮರಿ’ ಎಂಬ ಒಂದೇ ಮಾತಿನಲ್ಲಿ ಕೆಲಸ ಸಾಗಿತು ಅನ್ನುವುದು ನನ್ನ ಊಹೆ.

ನಿಘಂಟಿನ ಅರ್ಥದಲ್ಲೂ ಒಂದು ತೊಡಕಿದೆ. ಕೋಲ್ಟ್ ಎಂದರೆ ಹಾಲು ಕುಡಿಯುವ ಮರಿಯೇ ಆಗಬೇಕಿಲ್ಲ. ರೇಸಿನ ಲೆಕ್ಕದಲ್ಲಿ ಬೀಜ ತೆಗೆಯದ, ನಾಲ್ಕು ವರ್ಷದವರೆಗಿನ ಗಂಡು ಕುದುರೆಗೆಲ್ಲ ಅದೇ ಹೆಸರು. ಅದೇ ವಯಸ್ಸಿನ ಹೆಣ್ಣು ‘ಫಿಲ್ಲಿ’, ಬೀಜ ತೆಗೆಸಿದ್ದು ‘ಗೆಲ್ಡಿಂಗ್’. ವಯಸ್ಸೂ ಹುಟ್ಟಿದ ತಾರೀಖಿನಿಂದಲ್ಲ. ನಮ್ಮಲ್ಲಿ ರೇಸಿನ ಕುದುರೆಗಳೆಲ್ಲ ಜನವರಿ 1ಕ್ಕೇ ಒಂದು ವರ್ಷ ದೊಡ್ಡವಾಗುತ್ತವೆ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಮೊನ್ನೆ ಹುಟ್ಟಿದ ಗಂಡು ಮರಿಯೂ ಕೋಲ್ಟೇ, ಬೆಂಗಳೂರಿನ ಟರ್ಫಿನಲ್ಲಿ ಜಾಕಿಯನ್ನು ಹೊತ್ತು ಓಡುವ ಮೂರು ವರ್ಷದ್ದೂ ಕೋಲ್ಟೇ. ಎರಡನೆಯದನ್ನು ‘ಮರಿ ಗೆದ್ದಿತು’ ಎಂದು ಬರೆದರೆ ಓದಿದವರು ನಕ್ಕಾರು.

ಇಂಗ್ಲಿಷಿನವರು ಎಳೆಯ ಆಟಗಾರರ ಕ್ರಿಕೆಟ್ ತಂಡವನ್ನೂ ‘ಕೋಲ್ಟ್ಸ್’ ಎನ್ನುವುದುಂಟು. ಅಲ್ಲಿ ಕುದುರೆಯನ್ನು ಹುಡುಕಬೇಡಿ, ‘ಕಿರಿಯರ ತಂಡ’ ಸಾಕು. ನಿಮ್ಮ ಮಗಳ ಪಾಠದಲ್ಲಿ ಅದು ತಾಯಿಯ ಜೊತೆಗಿದ್ದರೆ ‘ಗಂಡು ಮರಿ’ ಎನ್ನಲಿ, ಬೆನ್ನ ಮೇಲೆ ಜೀನು ಬಿದ್ದಿದ್ದರೆ ‘ಎಳೆಯ ಗಂಡು ಕುದುರೆ’. ರೇಸಿನ ಸುದ್ದಿಯಾದರೆ ‘ಕೋಲ್ಟ್’ ಎಂದೇ ಇರಲಿ.