ಬಾಡಿಗೆ ಏರಿಸುವ ಮುನ್ನ ಒಂದು ಪತ್ರ

ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದಲ್ಲಿ ಮನೆ, ಅಂಗಡಿಕೋಣೆ ಬಾಡಿಗೆಗೆ ಕೊಟ್ಟವರಿಗೊಂದು ಕಿವಿಮಾತು: ಬಾಡಿಗೆ ಏರಿಸುವುದಿದ್ದರೆ ಬಾಯಿಮಾತಿಗೆ ನಿಲ್ಲಿಸದೆ ಬರೆದು ಕೊಡಿ. ಮೊದಲು ಕರಾರುಪತ್ರ ತೆಗೆದು ನೋಡಿ. 11 ತಿಂಗಳ ಅವಧಿ ಮುಗಿಯದಿದ್ದು, ನಡುವೆ ಏರಿಸುವ ಷರತ್ತೂ ಇಲ್ಲದಿದ್ದರೆ, ಒಪ್ಪಿದ ಮೊತ್ತವನ್ನು ಮಾಲೀಕರೊಬ್ಬರೇ ಬದಲಿಸುವಂತಿಲ್ಲ. ಅವಧಿ ಮುಗಿದು ತಿಂಗಳ ಲೆಕ್ಕದಲ್ಲಿ ಮುಂದುವರಿದಿದ್ದರೂ ಹೊಸ ಮೊತ್ತಕ್ಕೆ ಬಾಡಿಗೆದಾರರ ಒಪ್ಪಿಗೆ ಬೇಕು. ಅವರು ಒಪ್ಪದಿದ್ದರೆ ಬಿಡಿಸಲು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ 15 ದಿನಗಳ ಲಿಖಿತ ನೋಟಿಸ್ ಕೇಳುತ್ತದೆ. ಆದರೆ ಶಾಲೆಗೆ ಹೋಗುವ ಮಕ್ಕಳಿರುವ ಸಂಸಾರಕ್ಕೆ 15 ದಿನ ಏನೇನೂ ಸಾಲದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಏರಿಕೆಗೆ ಮೂರು ತಿಂಗಳ ಮುಂಗಡ ಸೂಚನೆ ಹೇಳುತ್ತದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿಯಷ್ಟೇ. ಹಾಗೆಂದು ಪಾಲಿಸಲು ಅಡ್ಡಿಯಿಲ್ಲ.

‘ಗುರುತಿನವರಿಗೆ ನೋಟಿಸ್ ಕೊಟ್ಟರೆ ಮುಖ ಕೆಡುವುದಿಲ್ಲವೇ?’ ಎನ್ನುವವರಿದ್ದಾರೆ. ಮುಖ ಕೆಡುವುದು ಕಾಗದದಿಂದಲ್ಲ, ‘ನೀವು ಹೇಳಲೇ ಇಲ್ಲ’ ಎಂಬ ತಕರಾರಿನಿಂದ. ಪತ್ರ ನಾಲ್ಕು ಸಾಲಿದ್ದರೆ ಸಾಕು: ಈಗಿನ ಬಾಡಿಗೆ 6,000 ರೂಪಾಯಿ, ಏಪ್ರಿಲ್ 1ರಿಂದ 6,600, ಅಡ್ವಾನ್ಸ್, ನೀರು, ಕರೆಂಟು ಬಿಲ್ಲು ಮೊದಲಿನಂತೆಯೇ, ಉತ್ತರಕ್ಕೆ ಇಂಥ ದಿನದವರೆಗೆ ಸಮಯ. ದಿನಾಂಕ ಹಾಕಿ, ಸಹಿ ಮಾಡಿ, ಪ್ರತಿಯ ಮೇಲೆ ಅವರ ಸಹಿ ಪಡೆಯಿರಿ. ಇಲ್ಲವೇ ಅಂಚೆಯಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಸಂದೇಶ ನೆನಪಿಸಲು ಸಾಕು, ಅದೊಂದನ್ನೇ ನೆಚ್ಚಬೇಡಿ. ಒಪ್ಪಿಗೆ ಸಿಕ್ಕ ಮೇಲೆ ಹೊಸ ಕರಾರು ಬರೆಸಿದರೆ ಇಬ್ಬರಿಗೂ ನಿಶ್ಚಿಂತೆ.