ಪೆಟ್ಟಿಗೆ ಇಡು, ಪಂಜರ ಬೇಡ

ಮಗಾ, ಬೆಂಗಳೂರು ಬಿಟ್ಟು ತೋಟಕ್ಕೆ ಬಂದವನೇ ಎರಡು ಆಸೆ ಹೇಳಿಕೊಂಡೆ. ಕಾಫಿ ನಡುವೆ ಜೇನುಪೆಟ್ಟಿಗೆ ಇಡಬೇಕು, ಗಾಯಗೊಂಡು ಸಿಕ್ಕ ಹದ್ದು, ಗಿಡುಗ, ಗೂಬೆಗಳಿಗೆ ಮನೆ ಹಿಂದೆ ದೊಡ್ಡ ಬಲೆಗೂಡು ಕಟ್ಟಿ ಸಾಕಬೇಕು ಅಂತ. ಎರಡೂ ಒಳ್ಳೆಯ ಮನಸ್ಸಿನಲ್ಲಿ ಹುಟ್ಟಿದ ಆಸೆಗಳೇ. ಮೊದಲನೆಯದನ್ನು ಈ ವರ್ಷವೇ ಶುರುಮಾಡು. ಎರಡನೆಯದನ್ನು ಬಿಟ್ಟುಬಿಡು. ಯಾಕೆ ಅಂತ ಹೇಳುತ್ತೇನೆ, ಸಮಾಧಾನವಾಗಿ ಕೇಳು.

ನಮ್ಮ ಕಡೆಯ ಪೆಟ್ಟಿಗೆಗೆ ತುಡುವೆ ಜೇನೇ ಸರಿ. ಹೆಜ್ಜೇನು ಬಯಲಲ್ಲಿ, ದೊಡ್ಡ ಮರದ ಕೊಂಬೆಗೆ ಒಂದೇ ಎರಿ ಕಟ್ಟಿ, ಕಾಲ ಮುಗಿದಾಗ ಎದ್ದು ಹೋಗುತ್ತದೆ. ತುಡುವೆ ಪೊಟರೆಯ ಕತ್ತಲಲ್ಲಿ ಸಾಲಾಗಿ ಹಲವು ಎರಿ ಕಟ್ಟುತ್ತದೆ. ಆದ್ದರಿಂದಲೇ ಅದಕ್ಕೆ ಪೆಟ್ಟಿಗೆ ಒಗ್ಗುತ್ತದೆ. ನಿನ್ನ ತೋಟದಲ್ಲಿ ರೊಬಸ್ಟಾ ಹೆಚ್ಚು. ಅರೇಬಿಕಾಕ್ಕೆ ತನ್ನ ಪರಾಗವೇ ಸಾಕು, ರೊಬಸ್ಟಾಕ್ಕೆ ಹಾಗಲ್ಲ. ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಮೈಯಲ್ಲೋ ಬಂದರೆ ಮಾತ್ರ ಕಾಯಿ ಕಟ್ಟುತ್ತದೆ. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದಲ್ಲ, ಆ ಹೂವು ನಿಲ್ಲುವುದು ಎರಡು ಮೂರು ದಿನ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಆ ದಿನಗಳಲ್ಲಿ ಪೆಟ್ಟಿಗೆ ತುಂಬ ಹುಳ ಇರಬೇಕು, ತೋಟದಲ್ಲಿ ಯಾವ ಔಷಧಿ ಸಿಂಪರಣೆಯೂ ಇರಕೂಡದು. ಪಕ್ಕದ ತೋಟದವರಿಗೂ ಮುಂಚೆಯೇ ಹೋಗಿ ಹೇಳಿ ಬಾ. ಜೇನಿಗೆ ಬೇಲಿಯ ಲೆಕ್ಕವಿಲ್ಲ.

ಜೇನು ತೆಗೆಯುವುದು ಸುಲಭ, ಮಳೆಗಾಲ ದಾಟಿಸುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸುರಿಯುವ ಮಳೆಗೆ ಹುಳ ಹೊರಗೆ ಹೋಗಲಾರದು, ಹೋದರೂ ಹೂವಿಲ್ಲ. ಮೇಲಿನ ಕೋಣೆಯ ಜೇನು ನಿನ್ನದು, ಸಂಸಾರ ಕೋಣೆಯದು ಅವುಗಳದ್ದು. ಅದಕ್ಕೆ ಕೈ ಹಾಕಬೇಡ. ಸಾಲದಿದ್ದರೆ ಸಕ್ಕರೆ ಪಾಕ ಮಾಡಿ ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಇಡು. ಹೊರಗೆ ಚೆಲ್ಲಿದರೆ ಬೇರೆ ಕುಟುಂಬದ ಹುಳಗಳು ಕೊಳ್ಳೆ ಹೊಡೆಯಲು ಬರುತ್ತವೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟರೆ ಇರುವೆ ಹತ್ತುವುದಿಲ್ಲ. ಹುಳ ಕೂರದ ಹಳೇ ಎರಿಯನ್ನು ಒಳಗೆ ಬಿಟ್ಟರೆ ಮೇಣದ ಪತಂಗ ಮೊಟ್ಟೆಯಿಡುತ್ತದೆ, ತೆಗೆದುಹಾಕು. ಹಸಿವು, ಇರುವೆ, ದಿನಾ ಮುಚ್ಚಳ ತೆರೆದು ನೋಡುವ ಯಜಮಾನ, ಈ ಮೂರರಲ್ಲಿ ಯಾವುದು ಹೆಚ್ಚಾದರೂ ತುಡುವೆ ರಾಣಿ ಸಮೇತ ಪೆಟ್ಟಿಗೆ ಖಾಲಿ ಮಾಡಿ ಹೊರಡುತ್ತದೆ.

ಇನ್ನೊಂದು ಭಯ ಕಾಯಿಲೆಯದು. 1991–92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಅಳಿದುಹೋದವು. ಜೇನಿಗೆ ಹೆಸರಾದ ಕೊಡಗು ಇದರಲ್ಲಿ ತುಂಬ ಪೆಟ್ಟು ತಿಂದಿತು. ಮರಿಹುಳ ನೀರು ತುಂಬಿದ ಚೀಲದಂತಾಗಿ ಕೋಶದಲ್ಲೇ ಸಾಯುತ್ತದೆ. ಇದನ್ನು ವಾಸಿಮಾಡುವ ಔಷಧಿಯಿಲ್ಲ. ಹಾಗೆ ಕಂಡರೆ ಒಂದು ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ದಾಟಿಸಬೇಡ, ಕೈ ಚಾಕು ತೊಳೆಯದೆ ಪಕ್ಕದ ಪೆಟ್ಟಿಗೆ ಮುಟ್ಟಬೇಡ, ಗೊತ್ತಿಲ್ಲದ ಊರಿನಿಂದ ಕುಟುಂಬ ಕೊಂಡು ತರಬೇಡ. ತೋಟಗಾರಿಕೆ ಇಲಾಖೆಯವರು ಭಾಗಮಂಡಲದಲ್ಲಿ ಜೇನು ಕೃಷಿ ತರಬೇತಿ ಕೊಡುತ್ತಾರೆ. ಕಲಿತು ಬಂದು ಎರಡು ಪೆಟ್ಟಿಗೆಯಿಂದ ಆರಂಭಿಸು.

ಈಗ ಹಕ್ಕಿಯ ವಿಷಯ. ಕಾನೂನು ಬೇಡ ಅನ್ನುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದ್ದು, ಗಿಡುಗಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಕೈಗೆ ಸಿಕ್ಕಿದ್ದನ್ನು 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಯ ಅಧಿಕಾರಿಗೋ ತಿಳಿಸಬೇಕು. ಆದರೆ ನಿನಗೆ ನಾನು ಬೇಡ ಅನ್ನುವುದು ಬರೀ ಕಾನೂನಿಗೆ ಹೆದರಿ ಅಲ್ಲ, ಹಕ್ಕಿಗಾಗಿ. ತಂತಿಬಲೆಗೆ ಬಡಿದು ಮುರಿದ ರೆಕ್ಕೆಗರಿ ಮುಂದಿನ ಗರಿ ಉದುರುವ ಕಾಲದವರೆಗೆ ಹಾಗೇ ಇರುತ್ತದೆ, ಹೊಸದು ಬರುವುದಿಲ್ಲ. ಅಂಗಡಿಯ ಮೆತ್ತಗಿನ ಕೋಳಿ ಮಾಂಸವನ್ನಷ್ಟೇ ತಿನ್ನಿಸಿದರೆ ಮರಿಯ ಮೂಳೆ ಸೊಟ್ಟಗಾಗುತ್ತದೆ. ಕಾಡಿನಲ್ಲಿ ಅದು ಇಲಿ, ಓತಿಯನ್ನು ಮೂಳೆ ಸಮೇತ ತಿನ್ನುತ್ತದೆ. ಕಣ್ಣು ಬಿಟ್ಟಾಗಿನಿಂದ ನಿನ್ನ ಮುಖವನ್ನೇ ನೋಡಿ ಬೆಳೆದ ಗೂಬೆಮರಿ ತನ್ನ ಜಾತಿಯನ್ನೇ ಗುರುತಿಸುವುದಿಲ್ಲ. ಬೇಟೆ ಬಾರದ ಹಕ್ಕಿಯನ್ನು ಬಿಟ್ಟರೆ ಅದು ಉಪವಾಸ ಸಾಯುತ್ತದೆ. ಜೇನುಗಿಡುಗವನ್ನು ತಂದಿಟ್ಟುಕೊಂಡರೆ ಏನು ಕೊಡುವೆ? ಹೆಜ್ಜೇನಿನ ಎರಿ ಕಿತ್ತು ಮರಿಹುಳ ತಿಂದು ಬದುಕುವ ಹಕ್ಕಿ ಅದು. ಕುಟುಕು ತಾಗದಂತೆ ಮುಖದ ಮೇಲೆ ಒತ್ತಾದ ಸಣ್ಣ ಗರಿಗಳಿವೆ. ಅದಕ್ಕೆ ಬೇಕಾದ್ದು ಹೆಜ್ಜೇನು ಕೂರುವ ಮರ.

ಗಾಯದ ಹಕ್ಕಿ ಸಿಕ್ಕಾಗ ನಿನ್ನ ಕೆಲಸ ಚಿಕ್ಕದು, ಅದನ್ನು ಸರಿಯಾಗಿ ಮಾಡು. ದಪ್ಪ ಬಟ್ಟೆ ಹೊದಿಸಿ ಹಿಡಿ. ಕೊಕ್ಕಿಗಿಂತ ಕಾಲುಗುರಿಗೆ ಹೆದರು. ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿಡು. ಹಾಲು, ಅನ್ನ, ಬಾಯಿಗೆ ನೀರು ಯಾವುದೂ ಬೇಡ. ಮಕ್ಕಳನ್ನು ಕರೆದು ತೋರಿಸುವುದು, ಫೋಟೋ ತೆಗೆಯುವುದು ಬೇಡವೇ ಬೇಡ. ಅರಣ್ಯ ಇಲಾಖೆಗೆ ಫೋನ್ ಮಾಡು. ಬೆಂಗಳೂರಿನ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆಯಂಥ ಜಾಗಗಳಿವೆ. ಮುರಿದ ರೆಕ್ಕೆ ಕೂಡಿಸಿ, ಹಾರಿಸಿ ನೋಡಿ, ಬಿಡುವ ಕೆಲಸ ಬಲ್ಲವರು ಅವರು.

ಹಕ್ಕಿಯ ಮೇಲೆ ನಿನಗಿರುವ ಪ್ರೀತಿ ತೋಟಕ್ಕೇ ಖರ್ಚಾಗಲಿ. ಮತ್ತಿ, ಹೊನ್ನೆ, ನೇರಳೆಯ ಹಳೇ ಮರಗಳನ್ನು ಮಾರಬೇಡ. ಅವುಗಳ ಹೂವು ಜೇನಿಗೆ, ಪೊಟರೆ ಗೂಬೆಗೆ, ತುದಿಕೊಂಬೆ ಗಿಡುಗಕ್ಕೆ. ನೆರಳಿಗೆ ಬರೀ ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಇದು ಸಿಗುವುದಿಲ್ಲ. ಗೋದಾಮಿನಲ್ಲಿ ಇಲಿಪಾಷಾಣ ಇಡುವುದನ್ನು ಇವತ್ತೇ ನಿಲ್ಲಿಸು. ವಿಷ ತಿಂದ ಇಲಿ ಸಾಯಲು ದಿನಗಳೇ ಹಿಡಿಯುತ್ತವೆ, ಅಷ್ಟರೊಳಗೆ ಅದನ್ನು ಹಿಡಿದು ತಿಂದ ಗೂಬೆ ಒಳಗೊಳಗೇ ರಕ್ತ ಸುರಿದು ಸಾಯುತ್ತದೆ. ಬೋನು ಇಡು.

ಇನ್ನು ಒಂದು ಕೆಲಸ ಉಳಿಯಿತು. ಅರಣ್ಯ ಇಲಾಖೆಯ ಸಹಾಯವಾಣಿ 1926. ಲೈನ್ ಮನೆಗಳ ಗೋಡೆಗೂ ಗೋದಾಮಿನ ಬಾಗಿಲಿಗೂ ಆ ಸಂಖ್ಯೆಯನ್ನು ದೊಡ್ಡದಾಗಿ ಬರೆಸು. ತೋಟದಲ್ಲಿ ಬಿದ್ದ ಹಕ್ಕಿಯನ್ನು ಮೊದಲು ನೋಡುವವರು ಅಲ್ಲಿ ಕೆಲಸ ಮಾಡುವವರೇ.